ಎರಡು ಮನೆಗಳ ನಡುವಿನ ಬಸುರಿ

…ಅಥವಾ ಅವಳ ಪಾದಗಳು ಮೊದಲ ದಿನವೇ ಊದಿದ್ದವೋ, ಇಲ್ಲ ಆಮೇಲೆ ಆದದ್ದನ್ನೆಲ್ಲ ಕಂಡ ನಾನೇ ನೆನಪಿನೊಳಗೆ ಅವನ್ನು ಊದಿಸಿ ಇಟ್ಟುಕೊಂಡಿದ್ದೇನೋ, ಹೇಳಲಾರೆ. ಈಗ ಕಣ್ಣು ಮುಚ್ಚಿದರೆ ಕಾಣುವುದು ಇಷ್ಟು: ಸಗಣಿ ಸಾರಿಸಿದ ಜಗುಲಿಯ ಅಂಚಿನಿಂದ ಇಳಿಬಿಟ್ಟ ಎರಡು ಪಾದಗಳು, ಎಡಗಾಲಿನ ಎರಡನೆಯ ಬೆರಳಿನಲ್ಲಿ, ಮಾಂಸದೊಳಗೆ ಅರ್ಧ ಹೂತುಹೋದ ಬೆಳ್ಳಿಯ ಕಾಲುಂಗುರ. ಆದರೆ ಆ ದಿನ ನಾನು ಬರೆದುಕೊಂಡ ವಿವರದಲ್ಲಿ ಪಾದದ ಸುದ್ದಿಯೇ ಇಲ್ಲ. ಬಿ.ಪಿ. ಸರಿಯಾಗಿದೆ, ಮೂತ್ರ ಸ್ವಚ್ಛವಾಗಿದೆ, ಚೊಚ್ಚಲು, ಏಳನೇ ತಿಂಗಳು, ಅಷ್ಟೆ. ಬರೆದದ್ದನ್ನು ನಂಬಲೇ, ಕಂಡದ್ದನ್ನು ನಂಬಲೇ? ಬರೆಯುವಾಗಲೂ ನಾನು ಅವಸರದವಳೇ. ಹಾಗಾಗಿ ಎರಡನ್ನೂ ಅರ್ಧರ್ಧ ನಂಬಿಕೊಂಡು ಮುಂದುವರಿಯುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸಮುದಾಯ ವೈದ್ಯಕೀಯದಲ್ಲಿ ಸ್ನಾತಕೋತ್ತರ ಓದುತ್ತಿದ್ದೆ. ತರಬೇತಿಯ ಭಾಗವಾಗಿ ಕಡೂರಿನಲ್ಲಿ ಒಂದು ಕೋಣೆ ಹಿಡಿದುಕೊಂಡು, ಬಸುರಿಯರಿಗೆ ಸರ್ಕಾರ ಕೊಡುವ ಸೇವೆ ನಿಜಕ್ಕೂ ಹೇಗೆ ನಡೆಯುತ್ತದೆ ಎಂದು ನೋಡಬೇಕಿತ್ತು. ಕಾಯಿಲೆಯ ಅಧ್ಯಯನವಲ್ಲ ಅದು, ಸೇವೆಯ ಅಧ್ಯಯನ. ಪ್ರಶ್ನೆ ಸರಳವಾಗಿತ್ತು. ದೇವನೂರು ಹೋಬಳಿಯ ಹಳ್ಳಿಗಳಿಗೆ ಸೊಸೆಯಾಗಿ ಬಂದವರಲ್ಲಿ ಅನೇಕರ ತವರು ಅಜ್ಜಂಪುರದ ಕಡೆ. ಚೊಚ್ಚಲ ಬಾಣಂತನಕ್ಕೆ ಅವರು ತವರಿಗೆ ಹೋಗುತ್ತಾರೆ. ಗಂಡನ ಊರಿನ ನರ್ಸು ಆರೇಳು ತಿಂಗಳು ನೋಡಿಕೊಂಡ ಹೆಂಗಸಿನ ವಿಷಯ ತವರೂರಿನ ನರ್ಸಿಗೆ ತಲುಪುತ್ತದೆಯೇ? ತಲುಪುವುದಾದರೆ ಹೇಗೆ? ತಲುಪದಿದ್ದರೆ ಎಲ್ಲಿ ಕಳೆದುಹೋಗುತ್ತದೆ? ಒಬ್ಬೊಬ್ಬ ಬಸುರಿಯನ್ನೂ ಗಂಡನ ಮನೆಯಿಂದ ತವರಿನವರೆಗೆ ನೆರಳಿನಂತೆ ಹಿಂಬಾಲಿಸುವುದು ನನ್ನ ಕೆಲಸ.

ನೆರಳು ಮಾತಾಡಬಾರದು ಎಂಬುದು ನಮ್ಮ ಪ್ರೊಫೆಸರ್ ಹಾಕಿಕೊಟ್ಟ ನಿಯಮ. ಅವರು ಆಗಾಗ ಕಾಲೇಜಿನ ಜೀಪಿನಲ್ಲಿ ಬಂದು, ನಾನು ಬರೆದದ್ದನ್ನು ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಿ ಹೋಗುತ್ತಿದ್ದರು.

"ನೋಡಮ್ಮ, ಈ ನರ್ಸಿನ ಸುದ್ದಿ ಆ ನರ್ಸಿಗೆ ನೀನೇ ಮುಟ್ಟಿಸಿದರೆ, ಕೊನೆಗೆ ನಾವು ಅಳೆಯೋದು ನಿನ್ನನ್ನು. ಸೇವೆ ಎಲ್ಲಿ ಮುರೀತದೋ ಅಲ್ಲಿ ನಿಂತು ನೋಡು. ಬೆಸುಗೆ ಹಾಕಬೇಡ."

ನಾನು ಒಪ್ಪಿದ್ದೆ. ಆಗ ಅದು ನನಗೆ ಕಠೋರವೆನಿಸಲಿಲ್ಲ, ಶುಚಿಯಾದ ಮಾತು ಅನ್ನಿಸಿತ್ತು.

ಕೆಲಸ ನಡೆಯುತ್ತಿದ್ದದ್ದು ಹೀಗೆ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಇಳಿದರೆ ಹಳ್ಳಿಯ ನರ್ಸಮ್ಮ ಕಾದಿರುತ್ತಿದ್ದಳು. ಕೈಯಲ್ಲಿ ಚರ್ಮದ ಚೀಲ, ಅದರೊಳಗೆ ಬಿ.ಪಿ. ನೋಡುವ ಪೆಟ್ಟಿಗೆ, ಗಾಜಿನ ನಳಿಕೆಗಳು, ಸ್ಪಿರಿಟ್ ದೀಪ. ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ಅವಳು ಮುಂದೆ, ನಾನು ಹಿಂದೆ. ಅವಳು ಮಾತಾಡುವಳು, ಪರೀಕ್ಷೆ ಮಾಡುವಳು. ನಾನು ನೋಡುವೆ, ಬರೆಯುವೆ. ಮೂತ್ರದ ಪರೀಕ್ಷೆ ಮಾತ್ರ ನನಗೆ ಎಷ್ಟು ನೋಡಿದರೂ ಬೇಸರ ತರಿಸುತ್ತಿರಲಿಲ್ಲ. ನಳಿಕೆಯನ್ನು ಮುಕ್ಕಾಲು ತುಂಬಿಸಿ, ಓರೆಯಾಗಿ ಹಿಡಿದು, ಮೇಲ್ಭಾಗವನ್ನು ಮಾತ್ರ ದೀಪದ ಮೇಲೆ ಕಾಯಿಸಬೇಕು. ಕುದಿಯುವಾಗ ಬೆಳ್ಳಗೆ ಮಂಜು ಕಟ್ಟಿದರೆ ಅಸೆಟಿಕ್ ಆಸಿಡ್ಡಿನ ಕೆಲವು ಹನಿ ಬಿಡಬೇಕು. ಮಂಜು ಕರಗಿದರೆ ಭಯವಿಲ್ಲ. ಕರಗದೆ ನಿಂತರೆ ಮೂತ್ರದಲ್ಲಿ ಆಲ್ಬುಮಿನ್ ಇದೆ ಎಂದರ್ಥ. ಆಲ್ಬುಮಿನ್ನಿನ ಜೊತೆ ಬಿ.ಪಿ.ಯೂ ಏರಿದ್ದರೆ, ಆ ಬಸುರಿಗೆ ಯಾವತ್ತು ಬೇಕಾದರೂ ಫಿಟ್ಸ್ ಬರಬಹುದು. ಬಂದರೆ ತಾಯಿಯೂ ಉಳಿಯದಿರಬಹುದು, ಮಗುವೂ.

ಆ ಜಗುಲಿಯ ಹುಡುಗಿಯ ಎರಡನೆಯ ಭೇಟಿಯಲ್ಲಿ ನಳಿಕೆಯ ಮಂಜು ಕರಗಲಿಲ್ಲ.

ನರ್ಸಮ್ಮ ಇನ್ನೆರಡು ಹನಿ ಬಿಟ್ಟಳು. ಬೇಯಿಸಿದ ಮೊಟ್ಟೆಯ ಬಿಳಿಯ ಹಾಗೆ ಅದು ಗಟ್ಟಿಯಾಗಿ ನಿಂತಿತು. ಬಿ.ಪಿ. ಪೆಟ್ಟಿಗೆಯ ಪಾದರಸ ಎಂಬತ್ತರವರೆಗೆ ಇಳಿಯಬೇಕಾದಲ್ಲಿ ಇಳಿಯದೆ ನೂರರ ಬಳಿ ತಡೆದು ಮಿಡಿಯಿತು. ನರ್ಸಮ್ಮ ನನ್ನ ಮುಖ ನೋಡಿದಳು. ನಾನು ನಿಯಮದಂತೆ ನನ್ನ ಕಾಗದ ನೋಡಿದೆ.

ಅತ್ತೆ ಒಳಗಿನಿಂದ ಬಂದಳು. ಹಣೆಯ ತುಂಬ ವಿಭೂತಿ, ಗಟ್ಟಿ ದನಿ, ಮಾತಿಗೆ ಮುಂಚೆ ನಗುವ ಹೆಂಗಸು.

"ಏನ್ ನರ್ಸಮ್ಮ, ಅಷ್ಟೊತ್ತಿಂದ ಪಾಕ ಇಡ್ತಿದ್ದೀಯ? ಕೆಟ್ಟೋಯ್ತಾ ಪಾಕ?"

"ನಗಬೇಡ್ರಮ್ಮ. ನೀರು ಕೆಟ್ಟೈತೆ. ಕಾಲು ನೋಡಿ ಹೆಂಗ್ ಊದವೆ."

"ಚೊಚ್ಚಲಲ್ವಾ, ಊತ್ಕೊಳ್ದೆ ಏನು? ನಂಗೂ ನನ್ ಮಗನ್ನ ಹೆರೋವಾಗ ಹಿಂಗೇ ಊದಿತ್ತು. ಕಾಲು ಊದಿದ್ರೆ ಗಂಡು ಕಣಮ್ಮ."

"ತಲೆನೋವು ಬತ್ತೈತಾ?" ಎಂದು ನರ್ಸಮ್ಮ ಹುಡುಗಿಯನ್ನು ಕೇಳಿದಳು. ಹುಡುಗಿ ಅತ್ತೆಯ ಕಡೆ ನೋಡಿದಳು. ಅತ್ತೆ ಹೇಳಿದಳು: "ಬತ್ತೈತೆ. ಬಿಸಿಲು ನೋಡು ಹೆಂಗೈತೆ, ಯಾರಿಗ್ ಬರಲ್ಲ?"

ನರ್ಸಮ್ಮ ಕೂತು, ಹರಳೆಣ್ಣೆ ಹಚ್ಚಿ, ಆ ಕಾಲುಂಗುರದ ಸೀಳನ್ನು ಉಗುರಿನಿಂದ ಅಗಲಿಸಿದಳು. ಉಂಗುರದ ಅಡಿಯಲ್ಲಿ ಚರ್ಮ ಒಡೆದು ಕೆಂಪಾಗಿತ್ತು. ಪೂರ್ತಿ ತೆಗೆಯಲು ಹೋದಾಗ ಹುಡುಗಿ ಪಾದ ಹಿಂದೆಳೆದುಕೊಂಡಳು. ಗಂಡ ಬದುಕಿರುವಾಗ ಅದನ್ನು ತೆಗೆಯುವಂತಿಲ್ಲ. ನರ್ಸಮ್ಮ ಸಡಿಲ ಮಾಡಿ ಬಿಟ್ಟಳು.

"ನಾಳೇನೇ ಕಡೂರು ಆಸ್ಪತ್ರೆಗೆ ಸೇರಿಸ್ಬೇಕು ಕಣ್ರೀ," ಎಂದಳು ನರ್ಸಮ್ಮ.

ಅತ್ತೆಯ ನಗು ನಿಂತಿತು. "ಅದೊಂದ್ ಹೇಳ್ಬೇಡ. ಸ್ವಾಮೇರು ದಿನ ನೋಡಿ ಕೊಟ್ಟವರೆ. ತೌರ್ನೋರು ಬಂದು ಮಡ್ಲು ತುಂಬಿ ಕರ್ಕಂಡ್ ಹೋಗ್ಲಿ, ಅವ್ರು ಯಾವ್ ಆಸ್ಪತ್ರೆಗಾದ್ರೂ ಹಾಕ್ಕಳ್ಲಿ. ಚೊಚ್ಚಲು ಅವ್ರದ್ದು. ನಾವ್ ಹಾಕಿ ಏನಾರ ಹೆಚ್ಚುಕಮ್ಮಿ ಆದ್ರೆ? 'ಕಳಿಸೋಕ್ ಮುಂಚೆನೇ ನಮ್ ಮಗೀನ ಕೆಡಿಸ್ಬಿಟ್ರು' ಅಂತಾರೆ. ಆ ಮಾತ್ ಯಾರ್ ಹೊತ್ಕಳಾದು?"

ಈ ಮಾತನ್ನು ನಾನು ಅಕ್ಷರಶಃ ಬರೆದುಕೊಂಡೆ. ಅಧ್ಯಯನಕ್ಕೆ ಇದು ಬೇಕಾದ ಮಾತು ಎಂಬ ಒಂದು ಪುಟ್ಟ ಸಂತೋಷವೂ ಆಯಿತು. ಸಂತೋಷ ಆದದ್ದು ಖಚಿತ, ಏಕೆಂದರೆ ಬರಹದಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಹಿಂದಿರುಗುವ ಬಸ್ಸಿನಲ್ಲಿ ಕೂತಾಗ ಆ ಗೆರೆಗಳನ್ನು ಮತ್ತೆ ತೆಗೆದು ನೋಡಿದೆ. ಅತ್ತೆ ಸೊಸೆಯನ್ನು ಪ್ರೀತಿಸುವವಳೇ. ಬಾಣಂತನ ಯಾರದ್ದೋ, ಆಸ್ಪತ್ರೆಗೆ ಸೇರಿಸುವ ಹಕ್ಕೂ ಅವರದ್ದೇ ಎಂದು ಆಕೆ ಮರ್ಯಾದೆಯಿಂದ ನಂಬಿದ್ದಳು, ಅಷ್ಟೆ. ಮಡಿಲು ತುಂಬುವ ದಿನದವರೆಗೆ ಹುಡುಗಿ ತವರಿನವಳಲ್ಲ. ಆ ದಿನ ಗೊತ್ತಾದ ಕ್ಷಣದಿಂದ ಗಂಡನ ಮನೆಯವಳೂ ಅಲ್ಲ. ಈ ಎರಡರ ನಡುವಿನ ದಿನಗಳಲ್ಲಿ ಅವಳು ಯಾರವಳು?

ಪ್ರೊಫೆಸರ್ ಆ ವಾರ ಕಡೂರಿಗೆ ಬಂದಿದ್ದರು. ಹೇಳಿದೆ. ಅವರು ಚಹದ ಲೋಟ ಕೆಳಗಿಟ್ಟು ಕೇಳಿಸಿಕೊಂಡರು.

"ಡಾಕ್ಟರಾಗಿ ನಿನ್ನ ಕರ್ತವ್ಯ ಏನಿದೆಯೋ ಮಾಡು. ನಾನು ತಡೆಯೋನಲ್ಲ," ಎಂದರು. "ಆದರೆ ಮಾಡಿದ ಮೇಲೆ ಅವಳು ನಮ್ಮ ಅಧ್ಯಯನದಲ್ಲಿ ಇರೋದಿಲ್ಲ. ಪಟ್ಟಿಯಲ್ಲಿ ಅವಳ ಸಾಲು ಹೊಡೆದುಹಾಕು. ಮುಂದೆ ಅವಳಿಗೆ ಏನಾದರೂ ಅದನ್ನ ಎಲ್ಲೂ ಬರೆಯೋ ಹಾಗಿಲ್ಲ. ಒಳ್ಳೇದಾದರೂ ಸರಿ, ಕೆಟ್ಟದ್ದಾದರೂ ಸರಿ."

"ಹೊಡೆದುಹಾಕ್ತೀನಿ ಸರ್."

"ಯೋಚನೆ ಮಾಡು. ಇಂಥ ಕೇಸು ಸಿಗೋದು ಕಷ್ಟ."

ಯೋಚನೆ ಮಾಡಲಿಲ್ಲ. ಅವರ ಎದುರಿಗೇ ಆ ಸಾಲಿನ ಮೇಲೆ ಅಡ್ಡಗೆರೆ ಎಳೆದೆ. ಬಿಡುಗಡೆ ಅನಿಸಬೇಕಿತ್ತು. ಅನಿಸಿದ್ದು ಬೇರೆ: ಎರಡು ಮನೆಗಳ ನಡುವೆ ಬಿದ್ದಿದ್ದವಳು ಈಗ ನನ್ನ ಕಾಗದದಿಂದಲೂ ಹೊರಗೆ ಬಿದ್ದಳು.

ಮಾರನೆಯ ದಿನ ಕಡೂರು ಸ್ಟೇಷನ್ನಿನಿಂದ ಪ್ಯಾಸೆಂಜರ್ ಹಿಡಿದು, ಬೀರೂರು ದಾಟಿ, ಅಜ್ಜಂಪುರದಲ್ಲಿ ಇಳಿದೆ. ಮೊದಲು ಆ ಕಡೆಯ ನರ್ಸನ್ನು ಹುಡುಕಿದೆ. ಅವಳ ಮನೆಯ ಬಾಗಿಲಿಗೆ ಬೀಗ. ಎದುರು ಮನೆಯವಳು ಹೇಳಿದಳು: "ನರ್ಸಮ್ಮ ಇಲ್ಲ ಕಣಮ್ಮ. ಬಾಣಂತನಕ್ಕೆ ತೌರಿಗೆ ಹೋಗವ್ರೆ." ನಾನು ನಕ್ಕೆನೋ ಏನೋ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದ್ದು ನೆನಪಿದೆ.

ಹುಡುಗಿಯ ತವರು ಅಲ್ಲಿಂದ ನಡೆದು ಹೋಗುವ ದೂರದಲ್ಲಿತ್ತು. ಅವಳ ಅಪ್ಪ ಮನೆಯ ಮುಂದೆ ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಒತ್ತಿ ಸುಲಿಯುತ್ತಿದ್ದ. ನಾನು ಯಾರು, ಯಾಕೆ ಬಂದೆ ಎಂದೆಲ್ಲ ಹೇಳಿದೆ. ಕಾಯಿ ಸುಲಿಯುವುದನ್ನು ನಿಲ್ಲಿಸದೆ ಕೇಳಿದ.

"ನಿಮ್ಮ ಮಗಳನ್ನ ಈಗಲೇ ಆಸ್ಪತ್ರೆಗೆ ಸೇರಿಸಬೇಕು. ಅವರು ಸೇರಿಸೋದಿಲ್ಲ. ನೀವು ಬಂದು ಕರೆದುಕೊಂಡು ಹೋಗಿ."

"ಎಂಟು ಬಿದ್ದೈತಲ್ಲಮ್ಮ. ಎಂಟ್ರಲ್ಲಿ ಬಸುರೀನ ಹಳ್ಳ ದಾಟಿಸ್ತಾರಾ? ಒಂಬತ್ ಬೀಳ್ಳಿ, ಬತ್ತೀವಿ."

"ಅಷ್ಟು ದಿನ ಇರೋದಿಲ್ಲ."

"ಏನ್ ಇರೋದಿಲ್ಲ?"

ಅವನ ಕೈ ನಿಂತಿತು.

"ಮಡ್ಲು ತುಂಬೋಗಂಟ ಅವಳು ಅವರ್ ಮನೆ ಸೊಸೆ ಡಾಕ್ಟ್ರಮ್ಮ," ಎಂದ, ಈಗ ದನಿ ತಗ್ಗಿಸಿ. "ನಾವ್ ಬಾಯಿ ಹಾಕುದ್ರೆ, ನಮ್ ಮ್ಯಾಲ್ ನಂಬಿಕೆ ಇಲ್ವಾ ಅಂತ ಬೀಗ್ರು ಕೇಳ್ತಾರೆ. ಏನ್ ಹೇಳಾನ?"

"ಡಾಕ್ಟರು ಹೇಳಿದ್ರು ಅಂತ ಹೇಳಿ. ನನ್ನ ಮೇಲೆ ಹಾಕಿ."

ಅಷ್ಟರಲ್ಲಿ ಒಳಗಿನಿಂದ ಒಬ್ಬಳು ಮಜ್ಜಿಗೆ ತಂದಳು. ಒಂದು ಕ್ಷಣ ನಾನು ಬೆಚ್ಚಿದೆ. ಅವಳೇ ಇಲ್ಲಿಗೆ ಬಂದುಬಿಟ್ಟಿದ್ದಾಳೆ ಅಂದುಕೊಂಡೆ. ತಂಗಿ. ಮದುವೆಗೆ ಬಂದ ವಯಸ್ಸು. ಲೋಟ ಕೊಡುತ್ತ ಮೆಲ್ಲಗೆ ಕೇಳಿದಳು: "ಅಕ್ಕನ್ ಬೆರಳು ವಾಸಿ ಆಯ್ತಾ?"

ನರ್ಸಿನಿಂದ ನರ್ಸಿಗೆ ಹೋಗದ ಸುದ್ದಿ ಯಾವುದೋ ದಾರಿಯಲ್ಲಿ ಇವಳನ್ನು ತಲುಪಿತ್ತು. ಬೆರಳಿನ ಗಾಯದವರೆಗೆ ತಲುಪಿತ್ತು. ಮೂತ್ರದ ಮಂಜು ಮಾತ್ರ ತಲುಪಿರಲಿಲ್ಲ.

ಅಪ್ಪ ಎದ್ದು ಕೈ ಒರೆಸಿಕೊಂಡ. "ಆಗ್ಲಿ, ನೋಡಾನ," ಎಂದ. ಇದು ಒಪ್ಪಿಗೆಯೋ, ನನ್ನನ್ನು ಸಾಗಹಾಕುವ ಮಾತೋ ಅಂದು ತಿಳಿಯಲಿಲ್ಲ.

ನಾನು ಕಡೂರಿಗೆ ಹಿಂದಿರುಗಿ ಪ್ರೊಫೆಸರನ್ನು ಜೀಪು ಕೇಳಿದೆ. ಅಧ್ಯಯನದಿಂದ ತೆಗೆದುಹಾಕಿದವಳಿಗೆ ಅಧ್ಯಯನದ ಜೀಪು ಯಾಕೆ ಎಂದು ಅವರು ಕೇಳಬಹುದಿತ್ತು. ಕೇಳಲಿಲ್ಲ. ಡ್ರೈವರನ್ನು ಕರೆದು, "ಅಮ್ಮ ಹೇಳಿದಲ್ಲಿಗೆ ಹೋಗು" ಎಂದಷ್ಟೇ ಹೇಳಿದರು. ಆದರೆ ಜೀಪಿನ ರೇಡಿಯೇಟರ್ ಸೋರುತ್ತಿತ್ತು. ಅದಕ್ಕೆ ಬೆಸುಗೆ ಹಾಕಿಸಿ ತರುವುದರಲ್ಲಿ ಇನ್ನೊಂದು ದಿನ ಹೋಯಿತು. ಹೋದದ್ದು ಒಂದು ದಿನವೋ ಎರಡೋ? ಈ ಒಂದು ಪ್ರಶ್ನೆಯನ್ನು ನಾನು ನನ್ನನ್ನು ಬಹಳ ಸಲ ಕೇಳಿಕೊಂಡಿದ್ದೇನೆ, ಪ್ರತಿ ಸಲವೂ ಬೇರೆ ಉತ್ತರ ಬಂದಿದೆ.

ದೇವನೂರಿನ ಕಡೆಯ ಆ ಮನೆಗೆ ತಲುಪಿದಾಗ ಜಗುಲಿ ಖಾಲಿ ಇತ್ತು. ಅತ್ತೆ ಬಾಗಿಲಲ್ಲಿ ನಿಂತೇ ಮಾತಾಡಿದಳು. ಒಳಗೆ ಕರೆಯಲಿಲ್ಲ.

"ಹೋದ್ಲಲ್ಲ. ಅವಳಪ್ಪನೇ ಬಂದು ಕರ್ಕಂಡ್ ಹೋದ. ಮಡ್ಲು ಇಲ್ಲ, ಬಳೆ ಇಲ್ಲ, ಹೇಳೋರಿಲ್ಲ ಕೇಳೋರಿಲ್ಲ. ಡಾಕ್ಟ್ರಮ್ಮ ಹೇಳವ್ರೆ ಅಂದ. ನೀವೇ ತಾನೆ?"

"ಹೌದು. ಹೇಗೆ ಹೋದ್ರು?"

"ಬಸ್ಸಲ್ಲಿ. ಇನ್ನೇನ್ ಪಲ್ಲಕ್ಕೀಲಿ ಹೋದ್ರಾ?"

ನನಗೆ ಸಮಾಧಾನವಾಯಿತು. ಅಲ್ಲಿಂದ ನೇರ ಅಜ್ಜಂಪುರಕ್ಕೆ ಜೀಪು ಓಡಿಸಿದೆವು. ತವರಿನ ಮನೆಗೆ ಬೀಗ. ಕಾಯಿ ಸುಲಿಯುವ ಮೊನೆ ಅಂಗಳದಲ್ಲಿ ಒಂಟಿಯಾಗಿ ನಿಂತಿತ್ತು, ಸುತ್ತ ಸಿಪ್ಪೆಯ ರಾಶಿ. ಪಕ್ಕದ ಮನೆಯ ಮುದುಕಿಯೊಬ್ಬಳು ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದಳು.

"ದೊಡ್ ಮಗಳಾ? ಅವಳೆಲ್ಲಿ ಬಂದ್ಲು? ಅವಳು ಗಂಡನ್ ಮನೇಲವಳೆ."

"ಇಲ್ಲಜ್ಜಿ, ಇವರಪ್ಪ ಹೋಗಿ ಕರೆದುಕೊಂಡು ಬಂದರಂತೆ."

"ಬಂದಿದ್ರೆ ನಾನ್ ನೋಡ್ತಿರ್ಲಿಲ್ವಾ? ಇಲ್ಲೇ ಕೂತಿರ್ತೀನಿ."

ಡ್ರೈವರ್ ಜೀಪಿಗೆ ಒರಗಿ ಬೀಡಿ ಹಚ್ಚಿದ. ಆ ಮನೆ ಈ ಮನೆಯಲ್ಲಿದ್ದಾಳೆ ಎನ್ನುತ್ತದೆ, ಈ ಮನೆ ಆ ಮನೆಯಲ್ಲಿದ್ದಾಳೆ ಎನ್ನುತ್ತದೆ. ಆರೇಳು ತಿಂಗಳಿಂದ ನಾನು ಕಾಗದದ ಮೇಲೆ ಗಂಡನ ಮನೆಗೂ ತವರಿಗೂ ನಡುವೆ ತೋರಿಸುತ್ತಿದ್ದ ಖಾಲಿ ಜಾಗ ಈಗ ಹಗಲ ಬಿಸಿಲಿನಲ್ಲಿ ನನ್ನ ಮುಂದೆ ಇತ್ತು. ಅದರೊಳಗೆ ಒಬ್ಬಳು ಇದ್ದಳು.

"ಬಸ್ಸು ಬೀರೂರಿಂದ ತರೀಕೆರೆಗೂ ಹೋಗ್ತದಮ್ಮ," ಎಂದ ಡ್ರೈವರ್. "ದಾರೀಲಿ ಏನಾರ ಆಗಿದ್ರೆ ಅಲ್ಲಿಗೆ ಹೋಗಿರ್ತಾರೆ."

ತರೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಅಡಿಕೆ ಮೂಟೆಗಳ ಮೇಲೆ ಕೂತಿದ್ದ ಹಮಾಲರನ್ನು ಕೇಳಿದೆವು. ಬಸುರಿಯೊಬ್ಬಳು ಬಸ್ಸಿನಲ್ಲೇ ಬಿದ್ದು ಒದ್ದಾಡಿದಳೆಂದೂ, ಯಾರೋ ಅವಳ ಹಲ್ಲಿನ ನಡುವೆ ಬೀಗದ ಕೈ ಇಟ್ಟರೆಂದೂ ಒಬ್ಬ ಹೇಳಿದ. ಇನ್ನೊಬ್ಬ, "ಲೇ, ಅದು ಹೋದ ತಿಂಗ್ಳು ಕಣೋ" ಎಂದ. ಇಬ್ಬರೂ ಜಗಳಕ್ಕೆ ನಿಂತರು. ಅಲ್ಲಿಂದ ಊರಿನ ಆಸ್ಪತ್ರೆಗೆ ಹೋದೆವು; ಅಲ್ಲಿಯ ಆಯಾ ಒಬ್ಬಳಿಗೆ ಮಾತ್ರ ಏನೋ ನೆನಪಿತ್ತು. ಫಿಟ್ಸ್ ಬಂದ ಹುಡುಗಿಯನ್ನು ತಂದಿದ್ದರು. ಇಂಜೆಕ್ಷನ್ ಕೊಟ್ಟು, ಶಿವಮೊಗ್ಗಕ್ಕೆ ಕಳಿಸಿದರು. ಜೊತೆಯಲ್ಲಿ ಒಬ್ಬ ಗಂಡಸು, ಒಬ್ಬಳು ಹುಡುಗಿ.

"ಕಾಲುಂಗುರ ಇತ್ತಾ? ಎಡಗಾಲಲ್ಲಿ ಗಾಯ?"

"ಫಿಟ್ಸ್ ಬರೋರ್ ಕಾಲುಂಗುರ ಯಾರಮ್ಮ ನೋಡ್ತಾರೆ? ಕಾಲು ಹಿಡ್ಕಂಡಿದ್ದೆ ಅಷ್ಟೆ. ಊದಿತ್ತು."

ಶಿವಮೊಗ್ಗದ ದೊಡ್ಡ ಆಸ್ಪತ್ರೆಯಲ್ಲಿ ಕೇಳಲು ನನ್ನ ಬಳಿ ಒಂದೇ ಒಂದು ಹೆಸರಿತ್ತು, ಅತ್ತೆಯ ಮನೆಯವರು ಮದುವೆಯಾದ ಮೇಲೆ ಇಟ್ಟ ಹೆಸರು. ತವರಿನಲ್ಲಿ ಅವಳನ್ನು ಏನೆಂದು ಕರೆಯುತ್ತಿದ್ದರೋ ನಾನು ಕೇಳಿರಲಿಲ್ಲ. ಅಪ್ಪ ಅವಳನ್ನು ಸೇರಿಸುವಾಗ ಯಾವ ಹೆಸರು ಹೇಳಿದ್ದನೋ. ನಾನು ಹೇಳಿದ ಹೆಸರಿನವರು ಯಾರೂ ಅಲ್ಲಿರಲಿಲ್ಲ. ವಾರ್ಡಿನ ತುಂಬ ಹೆಂಗಸರಿದ್ದರು. ಮಂಚದಿಂದ ಮಂಚಕ್ಕೆ ಹೋದೆ. ಮೂರನೆಯದೋ ನಾಲ್ಕನೆಯದೋ ಮಂಚದ ಬಳಿ ನಿಂತುಬಿಟ್ಟೆ: ನಾನು ಹುಡುಕುತ್ತಿರುವ ಮುಖ ನನ್ನ ಬಳಿ ಇಲ್ಲ. ಅವಳ ತೋಳು ಗೊತ್ತು, ಪಾದ ಗೊತ್ತು, ನಳಿಕೆಯೊಳಗೆ ನಿಂತ ಬಿಳಿ ಗೊತ್ತು. ಮುಖವೆಂದು ನೆನಪಿಗೆ ಬರುವುದು ಮಜ್ಜಿಗೆಯ ಲೋಟ ಹಿಡಿದವಳ ಮುಖ.

ಅವಳು ಸಿಗದೆ ಹಿಂದಿರುಗಿದೆ. ಅಷ್ಟರಲ್ಲಿ ನನ್ನ ಕಡೂರಿನ ಅವಧಿ ಮುಗಿಯಿತು. ಪರೀಕ್ಷೆಗಳು ಬಂದವು. ಕೊನೆಯ ಸುತ್ತಿನ ಭೇಟಿಗೆ ನಾನು ಮರಳಿದಾಗ ಒಂದು ವರ್ಷದ ಮೇಲಾಗಿತ್ತು. ಆ ನರ್ಸಮ್ಮನಿಗೆ ವರ್ಗವಾಗಿತ್ತು. ಹೊಸಬಳಿಗೆ ಹಳೆಯದೇನೂ ತಿಳಿಯದು. ನಾನು ಮೊದಲು ಅಜ್ಜಂಪುರದ ಕಡೆ ಹೋದೆ. ಅಪ್ಪ ಅದೇ ಮೊನೆಯ ಮುಂದೆ ಕಾಯಿ ಸುಲಿಯುತ್ತಿದ್ದ. ನನ್ನನ್ನು ಗುರುತಿಸಿ ತಲೆಬಾಗಿದ.

"ಮಕ್ಕಳೆಲ್ಲ ಹೇಗಿದ್ದಾರೆ?"

"ಇಬ್ರನ್ನೂ ಕೊಟ್ಟಾಯ್ತು ಕಣಮ್ಮ. ಮನೆ ಖಾಲಿ."

"ದೊಡ್ಡವಳು?"

"ಗಂಡನ್ ಮನೇಲವಳೆ."

"ಚಿಕ್ಕವಳು?"

"ಅವಳೂ ಗಂಡನ್ ಮನೇಲವಳೆ."

"ಚಿಕ್ಕವಳನ್ನ ಯಾವೂರಿಗೆ ಕೊಟ್ರಿ?"

ಬಾಗಿಲಲ್ಲಿ ನಿಂತಿದ್ದ ತಾಯಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅವನು ಇನ್ನೊಂದು ಕಾಯಿ ಎತ್ತಿ ಮೊನೆಗೆ ಒತ್ತಿದ. ಸಿಪ್ಪೆ ಕಿತ್ತು ಬರುವ ಸದ್ದು ಬಂತು.

ಆ ಕಡೆಯಲ್ಲಿ ಹೆಂಡತಿ ಸತ್ತರೆ ಅವಳ ತಂಗಿಯನ್ನು ಅದೇ ಮನೆಗೆ ಕೊಡುವುದುಂಟು, ಕೂಸು ಉಳಿದಿದ್ದರೆ ಇನ್ನೂ ಬೇಗ. ಸತ್ತ ಬಸುರಿಯ ಮಾತನ್ನು ಹೊರಗಿನವರ ಮುಂದೆ ಆಡದಿರುವುದೂ ಉಂಟು. ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ದೇವನೂರಿನ ಮೊದಲ ಬಸ್ಸು ಬಿಟ್ಟು, ಮುಂದಿನದನ್ನು ಹತ್ತಿದೆ.

ಅದೇ ಜಗುಲಿ. ಒಬ್ಬಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅತ್ತೆ ಮೊದಲಿನಂತೆ ನಗುತ್ತ ಹೊರಗೆ ಬಂದಳು.

"ಬನ್ನಿ ಡಾಕ್ಟ್ರಮ್ಮ. ನೋಡಿ, ಹೇಳ್ಲಿಲ್ವಾ ನಾನು? ಗಂಡು."

ನಾನು ಕೂಸನ್ನು ನೋಡಲಿಲ್ಲ. ಅವಳ ಮುಖ ನೋಡಿದೆ. ನನಗೆ ನೆನಪಿದ್ದ ಮುಖವೇ. ಆದರೆ ನನಗೆ ನೆನಪಿದ್ದದ್ದು ಯಾರ ಮುಖ?

"ನನ್ನ ಗುರುತು ಸಿಕ್ತಾ?" ಎಂದೆ.

ಅವಳು ಅತ್ತೆಯ ಕಡೆ ನೋಡಿದಳು. ಆಮೇಲೆ, "ಸಿಕ್ತು," ಎಂದಳು.

"ಎಲ್ಲಿ ನೋಡಿದ್ದು ಹೇಳು."

"ಮನೇಲಿ," ಎಂದಳು.

"ಎಡಗಾಲು ತೋರಿಸ್ತೀಯಾ? ಬೆರಳು ವಾಸಿಯಾಯ್ತಾ ನೋಡ್ತೀನಿ."

ಅವಳು ಪಾದಗಳನ್ನು ಮೇಲೆಳೆದುಕೊಂಡು ಸೀರೆಯ ಅಂಚಿನ ಕೆಳಗೆ ಸೇರಿಸಿದಳು. ಹೆಣ್ಣುಮಕ್ಕಳು ಎಲ್ಲರೂ ಹಾಗೆಯೇ ಮಾಡುತ್ತಾರೆ, ಹೊರಗಿನವರು ಕಾಲು ನೋಡಿದರೆ. ಅತ್ತೆಯ ಮುಖದಲ್ಲಿ ನಗು ಇನ್ನೂ ಇತ್ತು, ದನಿಯಲ್ಲಿ ಇರಲಿಲ್ಲ.

"ಕೂಸಿಗೆ ಸೂಜಿ ಹಾಕೋಕ್ ಬಂದಿದ್ರೆ ಹಾಕಿ. ಕಾಲ್ ಯಾಕಮ್ಮ ಈಗ? ಚೆನ್ನಾಗವಳಲ್ಲ ನನ್ ಸೊಸೆ, ಕಾಣಲ್ವಾ?"

ಅವಳು ಕೂಸನ್ನು ಅತ್ತೆಯ ಕೈಗೆ ಕೊಟ್ಟು ಎದ್ದಳು. "ಮಜ್ಜಿಗೆ ಕುಡೀತೀರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಬೇಸಿಗೆಯಲ್ಲಿ ಬಂದವರಿಗೆ ಮಜ್ಜಿಗೆ ಕೊಡದ ಮನೆ ಆ ಸೀಮೆಯಲ್ಲಿ ಇಲ್ಲ.

ನಾನು ಬರೆಯಬೇಕಾದದ್ದು ಏನೂ ಇರಲಿಲ್ಲ; ಅವಳ ಸಾಲನ್ನು ನಾನೇ ಹೊಡೆದುಹಾಕಿದ್ದೆ. ನನ್ನ ಮಾತು ಕೇಳಿ ಅಪ್ಪ ಅವಳನ್ನು ಬಸ್ಸಿಗೆ ಹತ್ತಿಸಿದ. ಅದರಿಂದ ಅವಳು ಉಳಿದಳೋ, ಅದರಿಂದಲೇ ದಾರಿಯಲ್ಲಿ ಬಿದ್ದಳೋ, ತರೀಕೆರೆಯ ಆಯಾ ಕಾಲು ಹಿಡಿದುಕೊಂಡಿದ್ದ ಹುಡುಗಿ ಅವಳೇ ಹೌದೋ ಅಲ್ಲವೋ, ನನಗೆ ಗೊತ್ತಿಲ್ಲ. ಆ ಜಗುಲಿಯಲ್ಲಿ ಮಜ್ಜಿಗೆ ತಂದುಕೊಟ್ಟವಳ ಕೈಯಿಂದ ಲೋಟ ತೆಗೆದುಕೊಂಡು ಪೂರ್ತಿ ಕುಡಿದೆ. ಅವಳು ಅಕ್ಕನೋ ತಂಗಿಯೋ, ಅದೂ ಗೊತ್ತಿಲ್ಲ.